ಶಿವಾಲಿಕದ ಪಾಲುಪಟ್ಟಿ

ನಮ್ಮ ಕಡೆ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುತ್ತದೆ. ನುಣುಪಾದ ಆ ಕರಿಯ ಕಲ್ಲು ಬಂದದ್ದು ದೂರದ ಗಂಡಕಿ ನದಿಯಿಂದ ಎಂದು ಹಿರಿಯರು ಹೇಳುತ್ತಾರೆ. ಅದರೊಳಗಿನ ಸುರುಳಿಯನ್ನು ವಿಷ್ಣುವಿನ ಚಕ್ರವೆಂದು ಪೂಜಿಸುತ್ತಾರೆ. ಭೂವಿಜ್ಞಾನಿಯ ಕೈಗೆ ಅದೇ ಕಲ್ಲನ್ನು ಕೊಟ್ಟರೆ, ಸುಮಾರು 15 ಕೋಟಿ ವರ್ಷಗಳ ಹಿಂದೆ, ಇಂದು ಹಿಮಾಲಯವಿರುವ ಕಡೆ ಕಡಲಿದ್ದ ಕಾಲದಲ್ಲಿ, ಆ ನೀರಿನಲ್ಲಿ ಬದುಕಿದ್ದ ಅಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಗುರುತು ಇದು ಎನ್ನುತ್ತಾನೆ. ಕನ್ನಡದಲ್ಲಿ ನಾವು ಪಳೆಯುಳಿಕೆ ಎಂದು ಕರೆಯುವ ವಸ್ತುವಿಗೆ ಇಷ್ಟು ಹತ್ತಿರದ ಉದಾಹರಣೆ ಬೇರೊಂದು ಸಿಗಲಾರದು.

ಸಾಲಿಗ್ರಾಮದ ವಿಷಯದಲ್ಲಿ ಒಂದು ನಂಬಿಕೆ ಬಹಳ ಹಿಂದಿನಿಂದ ನಡೆದುಬಂದಿದೆ. ಅದಕ್ಕೆ ಬೆಲೆ ಕಟ್ಟಬಾರದು, ಕೊಳ್ಳಬಾರದು, ಮಾರಬಾರದು, ದಾನವಾಗಿ ಕೊಡಬಹುದು, ದಾನವಾಗಿ ಪಡೆಯಬಹುದು. ಅಣ್ಣತಮ್ಮಂದಿರು ಪಾಲಾಗುವ ದಿನ ಹೊಲ, ಮನೆ, ಪಾತ್ರೆಪಡಗಗಳೆಲ್ಲ ಒಂದೊಂದಾಗಿ ಪಾಲುಪಟ್ಟಿಗೆ ಏರುತ್ತವೆ. ದೇವರ ಪೆಟ್ಟಿಗೆಯ ಸರದಿ ಬಂದಾಗ ಮಾತ್ರ ಪಟ್ಟಿ ಬರೆಯುವವನ ಕೈ ಒಂದು ಗಳಿಗೆ ತಡೆಯುತ್ತದೆ. ಬೆಲೆಯಿಲ್ಲದ್ದನ್ನು ಹಂಚುವುದು ಹೇಗೆ?

ಈ ಪ್ರಶ್ನೆ ಬರೀ ಮನೆತನಗಳದ್ದೆಂದು ತಿಳಿಯಬೇಕಾಗಿಲ್ಲ. ಪಳೆಯುಳಿಕೆಗಳನ್ನು ಅರಸಿ ಹತ್ತು ಜನ ಕೂಡಿ ಹೊರಟಾಗಲೆಲ್ಲ, ಸಂಜೆ ಚೀಲಗಳನ್ನು ಬಿಚ್ಚಿ ನೆಲದ ಮೇಲೆ ಹರವಿದ ಮೇಲೆ, ಇದೇ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಕಂಡವನದೋ, ಅಗೆದವನದೋ, ಹೆಸರಿಟ್ಟವನದೋ, ಆ ನೆಲದ ಒಡೆಯನದೋ? ನಮ್ಮ ದೇಶದಲ್ಲಿ ಇಂಥ ಬೇಟೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1830ರ ದಶಕದಲ್ಲಿ, ಹಿಮಾಲಯದ ಬುಡದ ಶಿವಾಲಿಕ ಬೆಟ್ಟಗಳಲ್ಲಿ. ಆ ಬೇಟೆಯ ಕಥೆಯನ್ನೂ, ಸಿಕ್ಕಿದ್ದು ಯಾರು ಯಾರಿಗೆ ಹೇಗೆ ಪಾಲಾಯಿತೆಂಬುದನ್ನೂ ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಶಿವಾಲಿಕವೆಂದರೆ ಹಿಮಾಲಯದ ಕಟ್ಟಕಡೆಯ, ಅತಿ ತಗ್ಗಿನ ಸಾಲು; ಬಯಲಿನಿಂದ ಹೊರಟವನಿಗೆ ಮೊದಲು ಎದುರಾಗುವ ಬೆಟ್ಟ. ದೊಡ್ಡ ಹಿಮಾಲಯ ಮೇಲೇಳುತ್ತಿದ್ದಂತೆ ಅದರ ಮೈಯಿಂದ ನದಿಗಳು ಕೊಚ್ಚಿ ತಂದ ಮರಳು, ಜೇಡಿ, ಉರುಟುಗಲ್ಲುಗಳು ಲಕ್ಷಾಂತರ ವರ್ಷಗಳ ಕಾಲ ಅದರ ಪಾದದಲ್ಲಿ ಪದರಪದರವಾಗಿ ಬಿದ್ದವು. ಆ ನದಿಗಳ ದಂಡೆಯಲ್ಲಿ ಬಾಳಿ ಸತ್ತ ಪ್ರಾಣಿಗಳ ಮೂಳೆಗಳೂ ಅದರಲ್ಲಿ ಹೂತುಹೋದವು. ಮುಂದೆ ಆ ಪದರಗಳೇ ಮಡಿಸಿಕೊಂಡು ಮೇಲೆದ್ದು ಬೆಟ್ಟಗಳಾದವು. ಈಗ ಪ್ರತಿ ಮಳೆಗಾಲದಲ್ಲಿಯೂ ಹಳ್ಳಕೊಳ್ಳಗಳು ಆ ಸಡಿಲ ಬೆಟ್ಟಗಳನ್ನು ಕೊರೆಯುತ್ತವೆ. ಕೊರೆದಂತೆಲ್ಲ ಮೂಳೆಗಳು ಹೊರಕ್ಕೆ ಇಣುಕುತ್ತವೆ.

ಅವನ್ನು ಮೊದಲು ಕಂಡವರು ಇಂಗ್ಲಿಷರಲ್ಲ. ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ 14ನೆಯ ಶತಮಾನದಲ್ಲಿ ಈ ಸೀಮೆಯ ನದಿಗಳಿಂದ ಕಾಲುವೆ ತೆಗೆಸಲು ಹೊರಟ. ಇತಿಹಾಸಕಾರ ಫಿರಿಸ್ತಾ ಬರೆದಿರುವಂತೆ, 50,000 ಜನ ಆಳುಗಳು ಒಂದು ದಿಬ್ಬವನ್ನು ಕಡಿಯುತ್ತಿದ್ದಾಗ ಆನೆಯ ಮೂಳೆಗಳೂ ಮನುಷ್ಯರ ಮೂಳೆಗಳೂ ಕಂಡವು. ಮನುಷ್ಯನದೆಂದು ಅವರು ತಿಳಿದ ಮುಂದೋಳಿನ ಮೂಳೆ ಒಂದೇ ಮೂರು ಗಜ ಉದ್ದವಿತ್ತು. ಕೆಲವು ಮೂಳೆಗಳು ಕಲ್ಲಾಗಿದ್ದವು, ಕೆಲವು ಮೂಳೆಯಾಗಿಯೇ ಉಳಿದಿದ್ದವು. ಹಿಂದಿನ ಕಾಲದ ದೈತ್ಯರದೆಂದು ಜನ ಬೆರಗುಪಟ್ಟರು. ಆ ಮೂಳೆಗಳು ಏನಾದವೆಂಬ ಸುದ್ದಿ ಫಿರಿಸ್ತಾನ ಪುಸ್ತಕದಲ್ಲಿಲ್ಲ. ಕಂಡವು, ಬೆರಗು ಹುಟ್ಟಿಸಿದವು, ಮರೆಯಾದವು. ಸಿಕ್ಕಿದ್ದು ಯಾರಿಗೂ ಪಾಲಾಗದಿದ್ದರೆ ಆಗುವುದು ಇಷ್ಟೇ.

ಸುಮಾರು ಐದು ಶತಮಾನಗಳ ಬಳಿಕ ಅದೇ ಹಳೆಯ ಕಾಲುವೆಗಳನ್ನು ದುರಸ್ತಿ ಮಾಡಲು ಈಸ್ಟ್ ಇಂಡಿಯಾ ಕಂಪನಿಯ ತರುಣ ಅಧಿಕಾರಿಗಳು ಅಲ್ಲಿಗೆ ಬಂದರು. ಯಮುನೆಯ ಪೂರ್ವದ ಕಾಲುವೆಯನ್ನು ನೋಡಿಕೊಳ್ಳುತ್ತಿದ್ದವನು ಪ್ರೊಬಿ ಕಾಟ್ಲಿ. ಮೂಲತಃ ಫಿರಂಗಿ ದಳದವನು. ಯಮುನೆಯ ಪಶ್ಚಿಮದಲ್ಲಿ, ಈಗಿನ ಹರಿಯಾಣದ ದಾದೂಪುರದಲ್ಲಿ, ವಿಲಿಯಂ ಬೇಕರ್ ಮತ್ತು ಹೆನ್ರಿ ಡ್ಯುರಾಂಡ್ ಎಂಬ ಇಬ್ಬರು ಸೇನಾ ಎಂಜಿನಿಯರುಗಳಿದ್ದರು. ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕ ಹ್ಯೂ ಫಾಲ್ಕನರ್ ಓದಿದ್ದು ವೈದ್ಯ, ಮಾಡುತ್ತಿದ್ದುದು ಸಸ್ಯಗಳ ಕೆಲಸ. 1834ರಲ್ಲಿ ಕಾಟ್ಲಿಗೆ 32 ವರ್ಷ, ಫಾಲ್ಕನರನಿಗೂ ಬೇಕರನಿಗೂ 26, ಡ್ಯುರಾಂಡನಿಗೆ 22. ಪಳೆಯುಳಿಕೆ ಶಾಸ್ತ್ರವನ್ನು ಕ್ರಮವಾಗಿ ಕಲಿತವನು ಇವರಲ್ಲಿ ಒಬ್ಬನೂ ಇರಲಿಲ್ಲ. ನೀರಿನ ಮಟ್ಟ ಅಳೆಯುವುದು, ಮಣ್ಣು ತೆಗೆಸುವುದು, ಗಿಡ ನೆಡಿಸುವುದು ಅವರ ದಿನದ ಉದ್ಯೋಗ. ಬೇಟೆ ಬಿಡುವಿನ ಹುಚ್ಚು.

ಈ ಬೆಟ್ಟಗಳ ಕಲ್ಲುಗಳನ್ನು ನೋಡಿ ಇವು ಸ್ವಿಟ್ಜರ್ಲೆಂಡಿನ ಬೆಟ್ಟಗಳ ಬುಡದ ಪದರಗಳನ್ನು ಹೋಲುತ್ತವೆ, ಇವುಗಳಲ್ಲಿಯೂ ಸಸ್ತನಿಗಳ ಮೂಳೆಗಳು ಇರಲೇಬೇಕು ಎಂದು ಮೊದಲು ಊಹಿಸಿದವನು ಫಾಲ್ಕನರ್. ತಿಮ್ಲಿ ಕಣಿವೆಯಲ್ಲಿ ಕೆಲವು ಚೂರುಗಳು ಸಿಕ್ಕಿ ಊಹೆ ನಿಜವಾಯಿತು. 1834ರಲ್ಲಿ ಕಾಲಾವಾಲಾ ಎಂಬಲ್ಲಿ ಕಾಟ್ಲಿ ಮದ್ದಿಟ್ಟು ಬಂಡೆ ಸಿಡಿಸಿ ಇನ್ನೂ ಒಳ್ಳೆಯ ಮಾದರಿಗಳನ್ನು ತೆಗೆದ. ಆದರೆ ಬಾಗಿಲು ಪೂರ್ತಿ ತೆರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ತೆರೆದದ್ದು ಮದ್ದಿನಿಂದಲ್ಲ, ಒಂದು ಕಾಣಿಕೆಯಿಂದ. ಬೆಟ್ಟದ ಮಗ್ಗುಲಿನ ಪುಟ್ಟ ಸಂಸ್ಥಾನ ನಾಹನ್‌ನ ಅರಸರು ಬೇಕರನಿಗೆ ಆನೆಯ ಹಲ್ಲೊಂದನ್ನು ಕೊಟ್ಟರು. ಹಲ್ಲು ಕಲ್ಲಾಗಿತ್ತು. ಅದು ಬಂದ ಜಾಗದ ಸುಳಿವು ಹಿಡಿದು ಡ್ಯುರಾಂಡ್ ಹೋದ. ಸುದ್ದಿ ತಿಳಿದ ಫಾಲ್ಕನರನೂ ಹೋದ. ಆರು ಗಂಟೆಗಳ ಹೊತ್ತಿನಲ್ಲಿ 300ಕ್ಕೂ ಹೆಚ್ಚು ಮೂಳೆಗಳು ತನಗೆ ದೊರೆತವೆಂದು ಫಾಲ್ಕನರ್ ಮುಂದೆ ಕಾಗದ ಬರೆದ.

ಆರು ಗಂಟೆ, 300 ಮೂಳೆ! ಈ ಲೆಕ್ಕ ಓದಿದಾಗಲೆಲ್ಲ ನನ್ನ ಮನಸ್ಸು ಆ ಅಂಕಿಗಳ ಹಿಂದಿನ ಬೆಟ್ಟದ ಜನರ ಕಡೆಗೆ ಹೋಗುತ್ತದೆ. ಯಾವ ಕೊಳ್ಳದಲ್ಲಿ ಇಂಥ ಕಲ್ಲುಗಳಿವೆಯೆಂದು ತಿಳಿದಿದ್ದವರು ಅವರು. ನಾಹನ್ನಿನ ಅರಮನೆಗೆ ಆ ಹಲ್ಲನ್ನು ಎಂದೋ ತಂದುಕೊಟ್ಟಿದ್ದವರೂ ಅವರಲ್ಲೇ ಯಾರೋ ಇರಬೇಕು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಮೂಳೆ ಕೂಡಿಹಾಕಿದರೆ ಕೆಲಸ ಮುಗಿಯಲಿಲ್ಲ, ಆರಂಭವಾಯಿತು. ಪ್ಯಾರಿಸಿನಲ್ಲಿ ಕುವಿಯೆ ಎಂಬ ಮಹಾವಿದ್ವಾಂಸನ ಕೈಯಳವಿನಲ್ಲಿ ಲೋಕದ ಪ್ರಾಣಿಗಳ ಅಸ್ಥಿಪಂಜರಗಳಿದ್ದವು. ಮಣ್ಣಿನಿಂದ ಬಂದ ಮೂಳೆಯನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದಾಗಿತ್ತು. ಸಹಾರನ್‌ಪುರದಲ್ಲಿ ಗ್ರಂಥಗಳಿಲ್ಲ, ಸಂಗ್ರಹಾಲಯವಿಲ್ಲ. ಈ ಗೆಳೆಯರು ಸುತ್ತಲಿನ ಕಾಡನ್ನೇ ಸಂಗ್ರಹಾಲಯ ಮಾಡಿಕೊಂಡರು. ಹುಲಿ, ಎಮ್ಮೆ, ಜಿಂಕೆ, ಮೊಸಳೆ, ಹೀಗೆ ಸಿಕ್ಕ ಪ್ರಾಣಿಗಳ ಎಲುಬುಗಳನ್ನು ಬಿಡಿಸಿ, ಒಣಗಿಸಿ, ಜೋಡಿಸಿಟ್ಟು, ಕಲ್ಲಾದ ಮೂಳೆಯ ಒಂದೊಂದು ಉಬ್ಬುತಗ್ಗನ್ನೂ ಅವುಗಳೊಡನೆ ಹೋಲಿಸಿದರು. ಆನೆಯ ಹಲವು ಬಗೆಗಳು, ನೀರಾನೆ, ಒಂಟೆ, ಕುದುರೆ, ಕರಡಿ, ಮೊಸಳೆ, ದೈತ್ಯ ಆಮೆ, ಇಷ್ಟೂ ಒಂದೇ ಬೆಟ್ಟಸಾಲಿನಿಂದ ಎದ್ದು ಬಂದವು. ನೀರಾನೆ ಈಗ ಆಫ್ರಿಕಾದ ಪ್ರಾಣಿ. ಒಂದು ಕಾಲಕ್ಕೆ ಅದರ ಬಳಗ ನಮ್ಮ ನದಿಗಳಲ್ಲಿಯೂ ಮುಳುಗಿ ಏಳುತ್ತಿತ್ತೆಂಬುದು ಆಗ ತಿಳಿಯಿತು.

ಇನ್ನು ಪಾಲಿನ ವಿಚಾರ. ಈ ಬೇಟೆಯಲ್ಲಿ ಸಿಕ್ಕಿದ್ದು ಬೇರೆ ಬೇರೆ ಬಗೆಯಲ್ಲಿ ಪಾಲಾಯಿತೆಂದು ನನಗೆ ತೋರುತ್ತದೆ.

ಮೊದಲನೆಯದು ಗೆಳೆಯರ ನಡುವಿನ ಪಾಲು. ಕೀರ್ತಿಯ ಪಾಲು ಹಣದ ಪಾಲಿಗಿಂತ ಕಠಿಣವಾದದ್ದು. ಅದಕ್ಕಾಗಿ ಜೀವಮಾನವಿಡೀ ಮಾತು ಬಿಟ್ಟ ವಿದ್ವಾಂಸರನ್ನು ಎಲ್ಲ ದೇಶಗಳಲ್ಲಿಯೂ ಕಾಣಬಹುದು. ಇಲ್ಲಿ ಕಾಟ್ಲಿ ಮತ್ತು ಫಾಲ್ಕನರ್ ಒಂದು ಜೋಡಿ, ಬೇಕರ್ ಮತ್ತು ಡ್ಯುರಾಂಡ್ ಇನ್ನೊಂದು ಜೋಡಿ. ಇಬ್ಬಿಬ್ಬರೂ ಕೂಡಿ ಹುಡುಕಿದರು, ಇಬ್ಬಿಬ್ಬರ ಹೆಸರಿನಲ್ಲಿಯೇ ಬರೆದರು. ದಾದೂಪುರದ ಸಂಗ್ರಹದ ಪಟ್ಟಿಯನ್ನು ಬೇಕರ್ ಮತ್ತು ಡ್ಯುರಾಂಡ್ ಅಚ್ಚು ಹಾಕಿಸಿದರು. ಸಹಾರನ್‌ಪುರದ ಸಂಗ್ರಹದ ಪಟ್ಟಿಯನ್ನು ಫಾಲ್ಕನರ್ ಮತ್ತು ಕಾಟ್ಲಿ ಪ್ರಕಟಿಸಿದರು. 1836ರಲ್ಲಿ ಬೇಕರ್ ಮತ್ತು ಡ್ಯುರಾಂಡ್ ಒಂದು ಸಣ್ಣ ದವಡೆಯ ತುಂಡನ್ನು ವರ್ಣಿಸಿದರು. ಅದು ಕೋತಿಯದು. ಕೋತಿಯ ಪಳೆಯುಳಿಕೆ ಅಲ್ಲಿಯವರೆಗೆ ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲ. ಮನುಷ್ಯ, ಕೋತಿ ಇವೆಲ್ಲ ತೀರ ಇತ್ತೀಚಿನ ಸೃಷ್ಟಿಯೆಂಬ ಭಾವನೆ ಬಲವಾಗಿತ್ತು. ಹೆಚ್ಚುಕಡಮೆ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಲಾರ್ತೆ ಎಂಬವನಿಗೂ ಅಂಥದೊಂದು ದವಡೆ ದೊರೆಯಿತು. ಅಂಗೈಯಲ್ಲಿ ಅಡಗುವಂಥ ಎರಡು ಮೂಳೆತುಂಡುಗಳು ಒಂದು ದೊಡ್ಡ ನಂಬಿಕೆಯನ್ನು ಅಲುಗಾಡಿಸಿದವು. 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘ ತನ್ನ ಅತ್ಯುನ್ನತ ಗೌರವವಾದ ವೊಲ್ಲಾಸ್ಟನ್ ಪದಕವನ್ನು ಫಾಲ್ಕನರ್ ಮತ್ತು ಕಾಟ್ಲಿ ಇಬ್ಬರಿಗೂ ಜೊತೆಯಾಗಿ ಕೊಟ್ಟಿತು.

ಎರಡನೆಯ ಪಾಲು ಓದುಗರದು. ಇದನ್ನು ಹಂಚಿದವನು ಬೆಟ್ಟ ಹತ್ತದ ಒಬ್ಬ ಮನುಷ್ಯ: ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ, ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿ, ಜೇಮ್ಸ್ ಪ್ರಿನ್ಸೆಪ್. 1832ರಲ್ಲಿ ಆತ ಆರಂಭಿಸಿದ ಸೊಸೈಟಿಯ ಮಾಸಿಕ ಪತ್ರಿಕೆ ಕಾಡುಮೂಲೆಗಳಲ್ಲಿ ಚದುರಿದ್ದ ಹವ್ಯಾಸಿಗಳನ್ನೆಲ್ಲ ಒಂದು ಜಗುಲಿಯಲ್ಲಿ ಕೂಡಿಸಿತು. ದಾದೂಪುರದಿಂದ ಬಂದ ಕಾಗದ ಕಲ್ಕತ್ತೆಯಲ್ಲಿ ಅಚ್ಚಾಗಿ ಲಂಡನ್, ಪ್ಯಾರಿಸ್ಸುಗಳನ್ನು ಮುಟ್ಟುತ್ತಿತ್ತು. ಪತ್ರಿಕೆಯಿಲ್ಲದಿದ್ದರೆ ಈ ಮೂಳೆಗಳಿಗೂ ಫಿರೋಜ್ ಷಾನ ಆಳುಗಳು ಕಂಡ ಮೂಳೆಗಳ ಗತಿಯೇ ಆಗುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುವುದಕ್ಕೆ ಕೇಳುಗರ ಅಪ್ಪಣೆ ಬೇಡುತ್ತೇನೆ. ಇದೇ ಕಾಟ್ಲಿ ಬೇಹಟ್ ಎಂಬಲ್ಲಿ ಕಾಲುವೆಯ ಹೂಳು ತೆಗೆಸುವಾಗ ನೆಲದಡಿಯಲ್ಲಿ ಹೂತುಹೋಗಿದ್ದ ಒಂದು ಪುರಾತನ ಊರಿನ ಗುರುತುಗಳನ್ನು ಕಂಡ. ಅಲ್ಲಿ ಸಿಕ್ಕ ನಾಣ್ಯಗಳನ್ನು ಪ್ರಿನ್ಸೆಪ್‌ಗೆ ಕಳುಹಿಸಿಕೊಟ್ಟ. ಫಿರೋಜ್ ಷಾ ಈ ಸೀಮೆಯಿಂದ ಕಾಲುವೆಯ ನೀರನ್ನಷ್ಟೇ ಒಯ್ದಿರಲಿಲ್ಲ; ದಾದೂಪುರಕ್ಕೆ ದೂರವಲ್ಲದ ತೋಪ್ರಾ ಎಂಬ ಹಳ್ಳಿಯಿಂದ ಒಂದು ಕಲ್ಲುಕಂಬವನ್ನೂ ದೆಹಲಿಗೆ ಸಾಗಿಸಿ ತನ್ನ ಕೋಟೆಯಲ್ಲಿ ನಿಲ್ಲಿಸಿದ್ದ. ಅದರ ಮೇಲಿನ ಅಕ್ಷರಗಳನ್ನು ಆತನ ಕಾಲದ ಪಂಡಿತರಾರೂ ಓದಲಾರದೆ ಹೋದರು. ಓದಿದವನು 1837ರಲ್ಲಿ ಇದೇ ಪ್ರಿನ್ಸೆಪ್; ಅದು ದೇವಾನಾಂಪ್ರಿಯ ಪ್ರಿಯದರ್ಶಿಯ ಶಾಸನ. ಆ ಪ್ರಿಯದರ್ಶಿಯೇ ಅಶೋಕನೆಂಬ ಮಾತಿಗೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ 1915ರಲ್ಲಿ ಸಾಕ್ಷಿ ಹೇಳಿತು. ಆ ಬಂಡೆಯನ್ನು ಗುರುತಿಸಿದವನೂ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರನೇ. ನಾಣ್ಯ, ಅಕ್ಷರ, ಮೂಳೆ, ಮೂರೂ ಆ ಕಾಲದಲ್ಲಿ ಒಂದೇ ಪತ್ರಿಕೆಯ ಪುಟಗಳಲ್ಲಿ ಮಗ್ಗುಲುಮಗ್ಗುಲಾಗಿ ಕೂತಿದ್ದವು. ಕಂಡವನು ಕಂಡದ್ದನ್ನು ಬಚ್ಚಿಡದೆ ಬಲ್ಲವನಿಗೆ ಕಳುಹಿಸಿಕೊಟ್ಟದ್ದರಿಂದಲೇ ಈ ದೇಶದ ಮರೆತ ಚರಿತ್ರೆ ಓದಲು ಬಂದಿತು.

ಈಗ ಬೆಟ್ಟಕ್ಕೆ ಮರಳೋಣ. ಮಾರ್ಕಂಡಾ ನದಿಯ ಸೀಮೆಯಲ್ಲಿ ಒಂದು ವಿಚಿತ್ರ ತಲೆಬುರುಡೆ ಸಿಕ್ಕಿತು. ಆನೆಯ ತಲೆಯನ್ನು ನೆನಪಿಗೆ ತರುವಷ್ಟು ದೊಡ್ಡದು; ಹಣೆಯ ಮೇಲೆ ಕೊಂಬು; ಹಲ್ಲುಗಳು ಮಾತ್ರ ಮೆಲುಕು ಹಾಕುವ ಪ್ರಾಣಿಯವು. ಜಿರಾಫೆಯ ಬಳಗಕ್ಕೆ ಸೇರಿದ ಈ ಪ್ರಾಣಿಯನ್ನು ಫಾಲ್ಕನರ್ ಮತ್ತು ಕಾಟ್ಲಿ 1836ರಲ್ಲಿ ವರ್ಣಿಸಿ, ಶಿವನ ಬೆಟ್ಟದ ಮೃಗವೆಂಬ ಅರ್ಥದಲ್ಲಿ ಶಿವಥೀರಿಯಂ ಎಂದು ಹೆಸರಿಟ್ಟರು. ಉದ್ದ ದಂತಗಳ ಒಂದು ಆನೆಗೆ ಗಣೇಶನ ಹೆಸರು ಬಂದಿತು. ಗುಜರಾತಿನ ಖಂಭಾತ್ ಕೊಲ್ಲಿಯ ಪೆರಿಮ್ ದ್ವೀಪದಲ್ಲಿ ದೊರೆತ ಇನ್ನೊಂದು ಮೃಗವನ್ನು ಫಾಲ್ಕನರ್ ಬ್ರಹ್ಮಥೀರಿಯಂ ಎಂದು ಕರೆದ. ಮುಂದೆ ಲೈಡೆಕ್ಕರ್ ಎಂಬ ವಿದ್ವಾಂಸ ವಿಷ್ಣುಥೀರಿಯಂ ಎಂಬ ಹೆಸರನ್ನೂ ಸೇರಿಸಿ ತ್ರಿಮೂರ್ತಿಗಳನ್ನು ಪೂರ್ತಿ ಮಾಡಿದ. ದೈತ್ಯ ಆಮೆಯ ವಿಷಯವಾಗಿ 1844ರಲ್ಲಿ ಲಂಡನ್ನಿನ ಪ್ರಾಣಿವಿಜ್ಞಾನಿಗಳ ಮುಂದೆ ಮಾತನಾಡುವಾಗ ಫಾಲ್ಕನರ್ ಕೂರ್ಮಾವತಾರವನ್ನೂ, ಆನೆ ಮತ್ತು ಆಮೆಯನ್ನು ಹೊತ್ತು ಹಾರಿದ ಗರುಡನ ಕಥೆಯನ್ನೂ ನೆನೆದ. ಇಂಥ ಆಮೆಯನ್ನು ಮನುಷ್ಯ ಕಣ್ಣಾರೆ ಕಂಡಿದ್ದನೋ ಏನೋ ಎಂಬ ಪ್ರಶ್ನೆಯನ್ನೂ ಎತ್ತಿದ. ನಮ್ಮ ಪುರಾಣಗಳಿಗೆ ಮೂಳೆಗಳ ಆಧಾರ ಹುಡುಕುವ ಕೆಲಸದಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಆದರೆ ಪರದೇಶದ ಒಬ್ಬ ವೈದ್ಯ ಮೂಳೆಯನ್ನು ವರ್ಣಿಸುವಾಗ ಆ ಮೂಳೆ ಸಿಕ್ಕ ನೆಲದ ಕಥೆಗಳಿಗೂ ಕಿವಿಗೊಟ್ಟನಲ್ಲ, ಅದನ್ನು ಮೆಚ್ಚಬೇಕು.

ಮೂರನೆಯ ಪಾಲು ವಸ್ತುಗಳದ್ದೇ. ಕಾಟ್ಲಿ ತನ್ನ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಾಣಿಕೆಯಾಗಿ ಕೊಟ್ಟ. ಅದು ತುಂಬಿದ್ದು 214 ಪೆಟ್ಟಿಗೆಗಳಲ್ಲಿ. ಒಂದೊಂದರ ತೂಕ ಸರಾಸರಿ 200 ಕಿಲೋ ಎಂದು ಇಟ್ಟುಕೊಂಡರೂ ಒಟ್ಟು 40 ಟನ್ನಿಗೆ ಮೀರುತ್ತದೆ. ರೈಲು ಇಲ್ಲದ ಆ ಕಾಲದಲ್ಲಿ ಬೆಟ್ಟದ ಬುಡದಿಂದ ಕಡಲತಡಿಗೆ ಈ ಭಾರ ಇಳಿದು ಬಂದುದನ್ನು ತಾವೇ ಊಹಿಸಿಕೊಳ್ಳಬೇಕು. 1842ರಲ್ಲಿ ಕಾಯಿಲೆಬಿದ್ದು ಊರಿಗೆ ಹೊರಟ ಫಾಲ್ಕನರ್ ತನ್ನ ಜೊತೆಯಲ್ಲಿ 70 ಪೆಟ್ಟಿಗೆ ಒಣಗಿದ ಸಸ್ಯಗಳನ್ನೂ 48 ಪೆಟ್ಟಿಗೆ ಮೂಳೆಗಳನ್ನೂ ಒಯ್ದ. ಒಂದು ಭಾಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಗೆ ಸಂದಿತು. ಅದು ಮುಂದೆ ಅಲ್ಲಿಯ ಇಂಡಿಯನ್ ಮ್ಯೂಸಿಯಮ್ಮನ್ನು ಸೇರಿತು. ಲಂಡನ್ನಿನಲ್ಲಿ ಫಾಲ್ಕನರನ ಮೇಲ್ವಿಚಾರಣೆಯಲ್ಲಿ ಮುಖ್ಯ ಮೂಳೆಗಳಿಗೆ ಪ್ಲಾಸ್ಟರಿನ ಅಚ್ಚು ತೆಗೆದು ಯೂರೋಪಿನ ದೊಡ್ಡ ಸಂಗ್ರಹಾಲಯಗಳಿಗೆ ಕಳುಹಿಸಲಾಯಿತು. ಮೂಲ ಒಂದೇ ಇದ್ದರೂ ಅಚ್ಚುಗಳು ಹತ್ತು ಊರಿಗೆ ಹೋದವು. ಬೆಲೆಯಿಲ್ಲದ್ದನ್ನು ಹಂಚುವ ಬಗೆ ಇದೂ ಒಂದು. ದೀಪದಿಂದ ದೀಪ ಹಚ್ಚಿದಂತೆ.

ಈ ಎಲ್ಲ ಮೂಳೆಗಳ ಸಚಿತ್ರ ವರ್ಣನೆಯಾಗಿ 'ಫಾನಾ ಆಂಟಿಕ್ವಾ ಸಿವಾಲೆನ್ಸಿಸ್' ಎಂಬ ಮಹಾಗ್ರಂಥ 1840ರ ದಶಕದಲ್ಲಿ ಕಂತುಕಂತಾಗಿ ಹೊರಟಿತು. ಒಂಬತ್ತು ಕಂತುಗಳಲ್ಲಿ 107 ಚಿತ್ರಫಲಕಗಳು ಬಂದವು. ಬರಹದ ಭಾಗ ಮುಕ್ಕಾಲು ಪಾಲು ಉಳಿದೇಹೋಯಿತು. ಫಾಲ್ಕನರ್ ಮತ್ತೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ; ಕಾಟ್ಲಿ 1854ರಲ್ಲಿ ಹರಿದ ಗಂಗಾ ಕಾಲುವೆಯ ಕೆಲಸದಲ್ಲಿ ಮುಳುಗಿದ; ಪ್ರಿನ್ಸೆಪ್ 1840ರಲ್ಲಿಯೇ ನಾಲ್ವತ್ತರ ಪ್ರಾಯದಲ್ಲಿ ತೀರಿಕೊಂಡಿದ್ದ. ಡ್ಯುರಾಂಡ್ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಪದವಿಗೇರಿ, ಅಂಬಾರಿ ಊರಬಾಗಿಲಿನ ಕಮಾನಿಗೆ ಬಡಿದು ಆನೆಯ ಮೇಲಿಂದ ಬಿದ್ದು, 1871ರ ಜನವರಿ 1ರಂದು ಸತ್ತ. ತಾರುಣ್ಯದಲ್ಲಿ ಆನೆಯ ಹಲ್ಲಿನ ಜಾಡು ಹಿಡಿದು ಹೋದವನಿಗೆ ಇಂಥ ಕೊನೆ ಕಾದಿತ್ತು.

ಈ ಪಾಲುಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಾಗ ಒಂದು ಸಾಲು ಖಾಲಿಯಾಗಿ ಕಾಣುತ್ತದೆ. ಗೆಳೆಯರಿಗೆ ಪದಕ ಬಂತು. ಹಿಮಾಲಯದ ಸುರುಳಿಕೊಂಬಿನ ಕಾಡುಮೇಕೆಯೊಂದು, ಕೆಂಪುಹೂವಿನ ಬಳಗದ ಮರವೊಂದು ಇಂದಿಗೂ ಶಾಸ್ತ್ರದಲ್ಲಿ ಫಾಲ್ಕನರನ ಹೆಸರನ್ನು ಹೊತ್ತಿವೆ. ಲಂಡನ್ನಿಗೆ ಮೂಲಗಳು ಬಂದವು. ಯೂರೋಪಿಗೆ ಅಚ್ಚುಗಳು ಬಂದವು. ಕಲ್ಕತ್ತೆಗೆ ಒಂದು ಭಾಗ ಬಂತು. ಶಿವನಿಗೂ ಬ್ರಹ್ಮನಿಗೂ ಗಣೇಶನಿಗೂ ಒಂದೊಂದು ಮೃಗ ಪಾಲಿಗೆ ಬಂತು. ಕೊಳ್ಳ ತೋರಿಸಿದವರಿಗೆ, ಬಂಡೆ ಒಡೆದವರಿಗೆ, ತಲೆಯ ಮೇಲೆ ಹೊತ್ತು ಇಳಿಸಿದವರಿಗೆ ಕೂಲಿ ಬಂದಿರಬಹುದು. ಹೆಸರು ಬರಲಿಲ್ಲ. ದೇವರುಗಳ ಹೆಸರನ್ನು ಅಷ್ಟು ಉದಾರವಾಗಿ ಬಳಸಿದ ಕೈಗಳು ಒಬ್ಬ ಆಳಿನ ಹೆಸರನ್ನು ಯಾವ ಮೃಗಕ್ಕೂ ಅಂಟಿಸಲಿಲ್ಲ. ಮೂಳೆ ಸಿಕ್ಕ ನೆಲದಲ್ಲಿ ಉಳಿದದ್ದು ಹಳ್ಳದ ಮರಳು.

ಇದನ್ನು ಬರಿಯ ಲೂಟಿಯೆಂದು ಕರೆದು ಮುಗಿಸಿಬಿಡಬಹುದು. ಹಾಗೆ ಕರೆಯುವವರೂ ಇದ್ದಾರೆ. ನನಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಶಿವಾಲಿಕದ ಬೆಟ್ಟ ಸಡಿಲ. ಹೊರಗೆ ಇಣುಕಿದ ಮೂಳೆಯನ್ನು ಯಾರೂ ಎತ್ತದಿದ್ದರೆ ಕೆಲವು ಮಳೆಗಾಲಗಳಲ್ಲಿ ಅದು ಉರುಳಿ, ಒಡೆದು, ಮರಳಿನಲ್ಲಿ ಮರಳಾಗುತ್ತದೆ. ಎತ್ತಿದವರು ಅದನ್ನು ಉಳಿಸಿದರು ಎಂಬುದು ನಿಜ. ಉಳಿಸಿದ ಜಾಗ ನಮ್ಮಿಂದ ಏಳು ಕಡಲಾಚೆ ಎಂಬುದೂ ನಿಜ. ಆಳುವ ಕಂಪನಿಯ ನೌಕರರಾಗಿ ಇರದಿದ್ದರೆ ಅಷ್ಟು ಆಳುಗಳನ್ನೂ ಅಷ್ಟು ಪೆಟ್ಟಿಗೆಗಳನ್ನೂ ಅವರು ಹೊರಡಿಸಲು ಆಗುತ್ತಿರಲಿಲ್ಲ. ಎರಡು ನಿಜಗಳನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡುವುದು ಚರಿತ್ರೆಯನ್ನು ಓದುವವನ ಕರ್ತವ್ಯ.

ಉಳಿಸಿದ್ದರ ಫಲ ಇಂದಿಗೂ ದೊರೆಯುತ್ತಿದೆ. ದೈತ್ಯ ಆಮೆಯ ಚಿಪ್ಪೇ 12 ಅಡಿ ಉದ್ದವೆಂದು ಫಾಲ್ಕನರ್ ಅಂದಾಜು ಮಾಡಿದ್ದ. ಮುಂದಿನವರು ಅವೇ ತುಂಡುಗಳನ್ನು ಮತ್ತೆ ಅಳೆದು ಅದನ್ನು ಬಹಳವಾಗಿ ತಗ್ಗಿಸಿದರು. ಶಿವಥೀರಿಯಂ ಆನೆಯಷ್ಟು ಭಾರವೆಂದು ಜನ ನಂಬಿದ್ದರು. 2016ರಲ್ಲಿ ವಿಜ್ಞಾನಿಗಳು ಅದರ ಮೂಳೆಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ನೋಡಿದಾಗ ಅದರ ತೂಕ ಸುಮಾರು 1,250 ಕಿಲೋ ಎಂದು ಗೊತ್ತಾಯಿತು. ಒಬ್ಬನ ಅಳತೆಯನ್ನು ಇನ್ನೊಬ್ಬ ತಿದ್ದಬೇಕಾದರೆ ಮೂಳೆ ಎಲ್ಲರ ಕೈಗೂ ಎಟಕುವ ಕಡೆ ಇರಬೇಕು. ಒಬ್ಬ ಶ್ರೀಮಂತನ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಕೊಂಡಿದ್ದರೆ ಆ ತಿದ್ದುಪಡಿ ನಡೆಯುತ್ತಿರಲಿಲ್ಲ.

ಈ ಹಂಚಿಕೆಯ ಒಂದು ಎಳೆ ಸುತ್ತಿ ಬಳಸಿ ನಮ್ಮ ನಾಡಿಗೂ ಬಂದಿದೆ. ಕರ್ನಾಟಕದ ನೆಲದ ಬಹುಭಾಗ ಭೂಮಿಯ ಮೇಲೆ ಮೂಳೆಯುಳ್ಳ ಪ್ರಾಣಿಗಳೇ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಬಂಡೆ. ಬೇಟೆಗಾರನಿಗೆ ಇಲ್ಲಿ ಫಸಲು ಕಡಮೆ. 1858ರಲ್ಲಿ ಫಾಲ್ಕನರ್ ಫ್ರಾನ್ಸಿನ ಆಬ್‌ವಿಲ್ ಎಂಬ ಊರಿನಲ್ಲಿ, ಸ್ಥಳೀಯ ಹವ್ಯಾಸಿಯೊಬ್ಬ ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಯಲ್ಲಿಯೇ ಕಂಡಿದ್ದ ಕಲ್ಲುಗೊಡಲಿಗಳನ್ನು ನೋಡಿದ. ಲೋಕ ನಗುತ್ತಿದ್ದ ಆ ಸಂಗ್ರಹದಲ್ಲಿ ಸತ್ಯವಿದೆಯೆಂದು ಅರಿತು ಗೆಳೆಯ ಪ್ರೆಸ್ಟ್‌ವಿಚ್‌ಗೆ ಬರೆದ. ಪ್ರೆಸ್ಟ್‌ವಿಚ್ ಮರುವರ್ಷ ಹೋಗಿ ನೋಡಿ ಒಪ್ಪಿದ. ಮನುಷ್ಯನ ಪ್ರಾಚೀನತೆ ವಿದ್ವಾಂಸರ ಸಭೆಯಲ್ಲಿ ಸ್ಥಾನ ಪಡೆಯಿತು. ಆ ಸುದ್ದಿಯನ್ನು ಓದಿಕೊಂಡಿದ್ದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಕಲ್ಲುಗೊಡಲಿಯನ್ನು ಗುರುತಿಸಿದ. ಅದೇ ಫೂಟ್ ಮಲಪ್ರಭೆ, ಘಟಪ್ರಭೆಗಳ ದಂಡೆಗಳನ್ನು ಸುತ್ತಿ, ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ದೊರೆತ ಅಳಿದುಹೋದ ಖಡ್ಗಮೃಗವೊಂದರ ಮೂಳೆಗಳನ್ನು 1874ರಲ್ಲಿ ವರ್ಣಿಸಿದ. ದಕ್ಖನ್ನಿನ ಹೆಸರನ್ನೇ ಅದಕ್ಕೆ ಇಟ್ಟ. ಗೋಕಾಕದ ಜಲಪಾತ ನೋಡಲು ಹೋಗುವ ನಮ್ಮವರಲ್ಲಿ ಎಷ್ಟು ಜನಕ್ಕೆ ಈ ಖಡ್ಗಮೃಗದ ನೆನಪಿರುತ್ತದೆ?

ಫೂಟ್ ತನ್ನ ಜೀವಮಾನದ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟ. ಬೆಲೆಗೆ ಕೊಟ್ಟದ್ದೇನೋ ನಿಜ, ಆದರೆ ಅದು ಕಡಲು ದಾಟಲಿಲ್ಲ. ಅವನ ಸೂಚಿಯಲ್ಲಿ ವಸ್ತುಗಳು ಊರೂರಿನ ಹೆಸರಿನಡಿಯಲ್ಲಿ ಸಾಲಾಗಿ ನಿಂತಿವೆ. ಬಳ್ಳಾರಿ, ರಾಯಚೂರು ಸೀಮೆಗಳ ಹಳ್ಳಿಗಳ ಹೆಸರುಗಳನ್ನು ಅದರಲ್ಲಿ ಓದುವಾಗ ಕನ್ನಡಿಗನಿಗೆ ತನ್ನ ಊರಿನ ಪಾಲು ಕಳೆದುಹೋಗಿಲ್ಲವೆಂಬ ಸಮಾಧಾನವಾಗುತ್ತದೆ.

ಶಿವಾಲಿಕದ ಖಾಲಿ ಸಾಲಿನಲ್ಲಿಯೂ ತಡವಾಗಿಯಾದರೂ ಒಂದಿಷ್ಟು ಬರೆಯಲಾಗಿದೆ. ಹಿಮಾಚಲ ಪ್ರದೇಶದಲ್ಲಿ, ನಾಹನ್‌ನಿಂದ ಸುಮಾರು 20 ಕಿಲೋಮೀಟರು ದೂರದ ಸುಕೇತಿ ಎಂಬಲ್ಲಿ, ಮೂಳೆಗಳು ಸಿಗುವ ನೆಲದ ಮೇಲೆಯೇ, 1974ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಮತ್ತು ರಾಜ್ಯ ಸರ್ಕಾರ ಕೂಡಿ ಒಂದು ಪಳೆಯುಳಿಕೆ ಉದ್ಯಾನ ತೆರೆದವು. ಮಾರ್ಕಂಡಾ ಕಣಿವೆಯ ಸಾಲು ಮರಗಳ ನಡುವೆ ಉದ್ದ ದಂತದ ಆನೆ, ನೀರಾನೆ, ದೈತ್ಯ ಆಮೆ, ಶಿವಥೀರಿಯಂ ತಮ್ಮ ತಮ್ಮ ಅಳತೆಯಲ್ಲಿ ನಿಂತಿವೆ. ಫೈಬರ್‌ಗ್ಲಾಸಿನ ಬೊಂಬೆಗಳೆಂದು ಹಗುರಾಗಿ ಕಾಣುವವರಿರಬಹುದು. ತನ್ನ ಅಜ್ಜಂದಿರು ರಾಕ್ಷಸನದೆಂದು ಹೆದರಿ ಬಿಟ್ಟ ಮೂಳೆ ಯಾವ ಪ್ರಾಣಿಯದೆಂದು ಆ ಊರಿನ ಮಗು ತನ್ನ ಊರಿನಲ್ಲೇ ನಿಂತು ತಿಳಿಯುವುದು ಹಗುರವಾದ ಲಾಭವಲ್ಲ.

ಈಚೆಗೆ ನಮ್ಮ ಊರುಗಳಲ್ಲಿಯೂ ತರುಣರು, ಅಧ್ಯಾಪಕರು ಗುಂಪುಕೂಡಿ ಕಲ್ಲು, ಮೂಳೆ, ಶಾಸನಗಳನ್ನು ಹುಡುಕಿಕೊಂಡು ಹೊರಡುವುದನ್ನು ನೋಡುತ್ತೇನೆ. ಬಹಳ ಸಂತೋಷದ ವಿಷಯ. ಅವರಲ್ಲಿ ನನ್ನ ವಿನಂತಿ ಒಂದೇ. ಸಂಜೆ ಚೀಲ ಬಿಚ್ಚಿದಾಗ ಮನೆಯ ಮೇಜಿನ ಅಲಂಕಾರಕ್ಕೆಂದು ಒಂದೊಂದು ಚೂರನ್ನು ಹಂಚಿಕೊಳ್ಳಬೇಡಿ. ಎಲ್ಲವನ್ನೂ ಒಂದು ಕಡೆ ಇಡಿ, ಬಲ್ಲವರಿಗೆ ತೋರಿಸಿ, ಚಿತ್ರ ತೆಗೆದು ಎಲ್ಲರಿಗೂ ಕಳುಹಿಸಿ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ. ಯಾವ ಹಳ್ಳ, ಯಾವ ಪದರ, ಯಾವ ದಿನ ಎಂದು ಬರೆದ ಮೇಲೆ ಇನ್ನೊಂದು ಸಾಲು ಸೇರಿಸಿ: ಈ ಜಾಗವನ್ನು ತೋರಿಸಿಕೊಟ್ಟ ಕುರುಬರ ಹುಡುಗನ ಹೆಸರು, ಹೊತ್ತು ತಂದ ಆಳಿನ ಹೆಸರು. ಆ ಸಾಲಿಗೆ ಹಿಡಿಯುವುದು ಚೀಟಿಯಲ್ಲಿ ಅರ್ಧ ಅಂಗುಲ ಜಾಗ. ನಾಹನ್ನಿನ ಅರಮನೆಗೆ ಆ ಕಲ್ಲಿನ ಹಲ್ಲನ್ನು ಮೊದಲು ತಂದುಕೊಟ್ಟವನಿಗೆ ಯಾರೂ ಆ ಅರ್ಧ ಅಂಗುಲ ಕೊಡಲಿಲ್ಲ.